ಕಾರ್ಬನ್ ಪ್ರತಿ

ಕುಂದ್ರ್ರಿ. ಸ್ಟೂಲಿಗೆ ಮೂರೇ ಕಾಲು ನೆಟ್ಟಗದಾವು,
ನಾಕನೇದು ನೋಡ್ಕೊಂಡು ಕುಂದ್ರ್ರಿ.
ರಾಸ್ತಾಪೇಠದ ಈ ಮೆಟ್ಟಲ ಕೆಳಗ
ಇಪ್ಪತ್ತೆರಡ ವರ್ಷದಿಂದ ಫಾಲು, ಪಿಕೋ, ರಫು.
ಗುಳೇದಗುಡ್ಡದಾಕಿ ನಾ. ನಮ್ಮವ್ವ ಖಣ ನೇಯಾಕಿ.
ಯಾವ ಬಟ್ಟಿ ಕೊಡ್ರಿ, ಕಣ್ಣ ಮುಚ್ಚಿ
ಬೆರಳಿಲೆ ಮುಟ್ಟಿ ಊರು ಹೇಳ್ತೀನಿ.

ಮಾಲನತಾಯಿ ಉಟ್ಟ ಪೈಠಣಿ
ಒಂದ ಲಕ್ಷ ನಲವತ್ತ ಸಾವಿರದ್ದಂತ
ಹ್ವಾದ ವರ್ಷ ನಿಮ್ಮ ಪೇಪರಿನ್ಯಾಗ ಬಂತು.
ಫೋಟೋದಾಗ ಸೆರಗಿಗೆ ಕೆಂಪು ಗೋಲ ಹಾಕಿದ್ರಿ,
ಕಳ್ಳನ ಮಾರಿಗೆ ಹಾಕಿದಂಗ.
ಅಕಿ ಹಿಂದ ಒಡದ ಗಟಾರ ಕಾಣ್ತಿತ್ತು.
ಅದಕ್ಕ ಗೋಲ ಇರಲಿಲ್ಲ.
ಈಗ ಇಲೆಕ್ಷನ್ ಬಂತು,
ಮತ್ತ ಆ ಸೀರಿ ನೆನಪಾತು ನಿಮಗ.

ಎರಡ ಸಲ ನನ್ನ ಕೈಯಾಗ ಬಂದೈತಿ ಅದು.
ಮೊದಲ ಫಾಲ್ ಹಚ್ಚಾಕ, ಅಕಿ ಇನ್ನೂ ಸಾಲಿ ಟೀಚರ್ ಇದ್ದಾಗ,
ಮಗಳ ತೊಟ್ಟಲಕ್ಕ ಅತ್ತಿ ಕೊಟ್ಟದ್ದು.
ಆಮ್ಯಾಲ, ಮಹಾಪಾಲಿಕೆ ಬಾಗಲದ ಕೊಂಡಿಗೆ ಸಿಕ್ಕು
ನಿರಿಗ್ಯಾಗ ಗೇಣುದ್ದ ಹರದಾಗ.
ಆ ರಫು ಯಾರ ಕಣ್ಣಿಗೂ ಬಿದ್ದಿಲ್ಲ,
ಲಕ್ಷ ಎಣಿಸಿದವರ ಕಣ್ಣಿಗೂ.

ಅಕಿ ಹಾಲಿನಂಥಾಕಿ ಅಂತ ನಾ ಆಣಿ ಮಾಡಂಗಿಲ್ಲ.
ಅಕಿ ಕಪಾಟ ನಾ ತೆಗದ ನೋಡಿಲ್ಲ.
ದೀಪಾವಳಿಗೆ ಗುತ್ತಿಗೆದಾರರ ಮನಿಯಿಂದ
ಏನೇನ ಡಬ್ಬಿ ಬರ್ತಾವೋ, ಅಕಿಗೇ ಗೊತ್ತು.

ಅಕಿಗಿಂತ ಮೊದಲ ಇದ್ದರಲ್ಲ ದಾದಾ,
ಹದಿನೈದ ವರ್ಷ ಆರಿಸಿ ಬಂದವರು,
ಅವರ ಜಾಕೀಟೂ ಇಲ್ಲೇ ಬರ್ತಿದ್ದುವು.
ಹೊಟ್ಟಿ ಬೆಳದಂಗ ಬಗಲ ಬಿಚ್ಚತಿದ್ದೆ.
ಒಳಗಿನ ಅಸ್ತರ ರೇಶಿಮಿ, ಬೆಕ್ಕಿನ ಹೊಟ್ಟಿಯಂಗ ನುಣ್ಣಗ.
ಹೊರಗ ಬರೇ ಬಿಳಿ.
ನೂರ ಬಿಳಿ ಅಂಗಿ ಒಂದ ಅಂಗಿಯಂಗ ಕಾಣ್ತಾವು ತಮ್ಮಾ,
ಎಣಿಸವರ್ಯಾರು?
ಅಕಿ ಹಸರ ಉಟ್ಟರ ಹಸರು, ಜಾಂಬಳಿ ಉಟ್ಟರ ಜಾಂಬಳಿ.
ಎರಡನೇ ಸಲ ಉಟ್ಟರ ‘ಬ್ಯಾರೆ ಗತಿ ಇಲ್ಲೇನು’,
ಹೊಸಾದು ಉಟ್ಟರ ‘ಯಾರಪ್ಪನ ರೊಕ್ಕ’.

ಬಿಲ್ ಬುಕ್ಕ ಬೇಕಂತೀರಿ.
ಆ ಗದ್ದಲ ಎದ್ದ ಮೂರನೇ ದಿನ ರಾತ್ರಿ
ಶಟರ್ ಅರ್ಧಾ ಇಳಿಸಿದ್ದೆ, ಬಗ್ಗಿ ಒಳಗ ಬಂದ್ಲು, ಒಬ್ಬಾಕಿನ.
ಚೀಲದಾಗ ಆರ ಹತ್ತೀ ಸೀರಿ,
ಹೊಸಾವು, ಗಂಜಿ ವಾಸನಿ ಸೈತ ಹೋಗಿದ್ದಿಲ್ಲ.
‘ಇವನ್ನ ಒಂಚೂರ ಹಳೇವ ಮಾಡಿ ಕೊಡು’ ಅಂದ್ಲು.
ಚಾಷ್ಟಿ ಮಾಡತಾಳೇನಂತ ಮಾರಿ ನೋಡಿದೆ.
ಅಕಿ ತನ್ನ ಚಪ್ಪಲಿ ನೋಡ್ಕೋತ ನಿಂತಿದ್ಲು.

ಉಪ್ಪಿನ ನೀರಾಗ ನೆನಸಿದೆ. ಕಲ್ಲಿಗೆ ತಿಕ್ಕಿದೆ.
ಮಾಳಿಗಿ ಮ್ಯಾಲ ಹರವಿ ಬಿಸಲಿಗೆ ಬಣ್ಣ ಕುಡಿಸಿದೆ.
ಒಂದೆರಡರ ಅಂಚಿನ ನೂಲ ಉಗುರಲೆ ಬಿಚ್ಚಿದೆ.
ನಮ್ಮವ್ವ ನೋಡಿದ್ರ ಕೈ ಮುರೀತಿದ್ಲು.
ನೇಯಾಕ ಎಂಟ ದಿನ,
ಬಡತನ ಹಚ್ಚಾಕ ಎರಡ ದಿನ.
ಸೀರಿಗೆ ಅರವತ್ತರಂಗ ಮುನ್ನೂರ ಅರವತ್ತು, ಎಣಿಸಿ ಕೊಟ್ಲು.
ಬಿಲ್ಲಿನ್ಯಾಗ ಏನ ಬರಿಯೂದಂತ
ಪೆನ್ ಹಿಡದು ಬಾಳ ಹೊತ್ತ ಕುಂತೆ.
ಆಮ್ಯಾಲ ಬರದೆ. ಮ್ಯಾಲಿನ ಹಾಳಿ ಅಕಿ ಒಯ್ದಳು.
ಕಾರ್ಬನ್ ಪ್ರತಿ ಇಲ್ಲೇ ಐತಿ, ಮಷೀನಿನ ಖಾನೇದಾಗ,
ನನ್ನ ಮೊಳಕಾಲಿಗೆ ಹತ್ತಿ.
ತೋರ್ಸಂಗಿಲ್ಲ.

ಹದಿನೈದ ದಿನಕ್ಕ ನೀವ ಬರದ್ರಿ, ಫೋಟೋ ಸಮೇತ,
‘ತಾಯಿ ಈಗ ಸಾದಾ ಸೀರ್ಯಾಗ’.
ನಾ ಓದಿ ಪೇಪರ ಮಡಚಿ
ಮಷೀನಿನ ಎಣ್ಣಿ ಒರಸಾಕ ಇಟ್ಟೆ.

ಕೇಳೂದಿದ್ರ ಅಕಿಗೆ ನಳದ್ದ ಕೇಳ್ರಿ.
ನಮ್ಮ ವಾಡೇಕ್ಕ ನೀರು ಬೆಳಗಿನ ನಾಕಕ್ಕ, ಮುಕ್ಕಾಲ ತಾಸು.
ನಾನೂ ಕೇಳಬೇಕಂತಿರತೀನಿ.
ಅಕಿ ಬಂದು ಎದುರು ನಿಂತ್ಲಂದ್ರ
ಕೈ ತಾನ ಹೋಗಿ ಸೆರಗ ಹಿಡೀತೈತಿ,
ಮಾತು ಅಂಚಿಗೆ, ಫಾಲಿಗೆ ಹೊಳ್ಳತೈತಿ.

ನಾಳೆ ಬರ್ರಿ. ಸಾಲಿನ್ಯಾಗ ನಿಂದ್ರ್ರಿ.
ನಾ ನೈಟಿ ಮ್ಯಾಲ ಇರ್ತೀನಿ, ಎರಡ ಕೊಡ ಹಿಡದು.
ಬರಕೊಳ್ರಿ ಅದರ ರೇಟೂ:
ತುಳಶೀಬಾಗದಾಗ ಎರಡನೂರ ಅಂದ,
ನೂರಾ ಐವತ್ತಕ್ಕ ಇಳಿಸೀನಿ.